ಕಪ್ಪತಗುಡ್ಡದ ದಾರಿಯಲ್ಲಿ ಕಂಡ ಹಿಕ್ಕೆ ಯಾವ ಪ್ರಾಣಿಯದು?

ಪ್ರಶ್ನೆ: ನಾನು ಮುಂಡರಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕಪ್ಪತಗುಡ್ಡಕ್ಕೆ ಕರೆದೊಯ್ಯುವ ಮೊದಲು ದಾರಿ ನೋಡಿಕೊಂಡು ಬರಲೆಂದು, ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅರಣ್ಯ ಇಲಾಖೆಯ ವಾಚರ್ ಒಬ್ಬರ ಜೊತೆ ಗುಡ್ಡ ಹತ್ತಿದ್ದೆ. ಮೂರು ಕಡೆ ಪ್ರಾಣಿಗಳ ಹಿಕ್ಕೆ ಕಂಡವು. ಒಂದು ಬಂಡೆಯ ಪಕ್ಕದಲ್ಲಿ ಸುಣ್ಣದ ಉಂಡೆಗಳಂತೆ ಬೆಳ್ಳಗಿನವು ಹತ್ತು ಹನ್ನೆರಡು ಬಿದ್ದಿದ್ದವು. ಕಾಲುದಾರಿಯ ನಟ್ಟನಡುವೆ ಕೂದಲು ತುಂಬಿದ, ಹಗ್ಗದಂತೆ ಹೊಸೆದ ಒಂದು ಹಿಕ್ಕೆ ಇತ್ತು. ಅದರ ಪಕ್ಕದಲ್ಲಿ ನೆಲ ಕೆರೆದ ಗುರುತಿತ್ತು. ಜಾಲಿಯ ಗಿಡದ ಕೆಳಗೆ ಕಪ್ಪು ಗುಂಡು ಹಿಕ್ಕೆಗಳ ರಾಶಿಯಿತ್ತು. ಫೋಟೋ ನೋಡಿದ ಊರಿನವರು ಮೊದಲಿನ ಎರಡೂ ಚಿರತೆಯದೇ, ಮೂರನೆಯದು ಚಿಗರಿಯದು (ಕೃಷ್ಣಮೃಗದ್ದು) ಎನ್ನುತ್ತಾರೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ "ಚಿರತೆ ಬಂದಿದೆ" ಎಂಬ ಮಾತಿನೊಂದಿಗೆ ಓಡಾಡುತ್ತಿದೆ. ಹಿಕ್ಕೆ ನೋಡಿ ಪ್ರಾಣಿಯನ್ನು ಗುರುತಿಸುವುದು ಹೇಗೆ? ಮಕ್ಕಳಿಗೆ ಇದನ್ನು ಹೇಳಿಕೊಡಬಹುದೇ?

ಉತ್ತರ: ಮಾಸ್ತರರೇ, ನೀವು ಕಳಿಸಿದ ಚಿತ್ರಗಳನ್ನು ನೋಡಿದ್ದೇನೆ. ಬೆಳ್ಳಗಿನ ಉಂಡೆಗಳು ಬಹುಮಟ್ಟಿಗೆ ಖಚಿತವಾಗಿ ಕತ್ತೆಕಿರುಬದವು. ದಾರಿಯ ನಡುವಿನದು ಚಿರತೆಯದಾಗಿರುವ ಸಾಧ್ಯತೆ ನಾಯಿಯದಾಗಿರುವ ಸಾಧ್ಯತೆಗಿಂತ ಹೆಚ್ಚು, ಆದರೆ ಆ ಒಂದು ಚಿತ್ರದ ಮೇಲೆ ನಾನು ಹೆಸರು ಬರೆದುಕೊಡುವುದಿಲ್ಲ. ಜಾಲಿಯ ಕೆಳಗಿನದು ಕುರಿಯ ಹಿಕ್ಕೆ. ಈ ಮೂರೂ ತೀರ್ಮಾನಗಳಿಗೆ ಬಂದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮಕ್ಕಳಿಗೆ ಕಲಿಸಬೇಕಾದುದು ಆ ಬಗೆಯನ್ನೇ.

ಗುಡ್ಡದಲ್ಲಿ ಹಿಕ್ಕೆ ಕಂಡಾಗ ನಾನು ಕೇಳಿಕೊಳ್ಳುವ ಮೊದಲನೆಯ ಪ್ರಶ್ನೆ "ಇದು ಸಾಕಿದ ಪ್ರಾಣಿಯದಲ್ಲ ಎಂದು ಹೇಳಲು ನನ್ನ ಬಳಿ ಏನಿದೆ?" ಎಂಬುದು. ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಹಬ್ಬಿದ ಈ ಗುಡ್ಡಸಾಲಿನಲ್ಲಿ ಸುಮಾರು 244 ಚದರ ಕಿಲೋಮೀಟರಿನಷ್ಟನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಇಲ್ಲಿ ಚಿರತೆಯಿದೆ, ತೋಳವಿದೆ, ಕತ್ತೆಕಿರುಬವಿದೆ, ನರಿಯಿದೆ, ಕಾಡುಬೆಕ್ಕಿದೆ. ಆದರೆ ಇದರ ಸುತ್ತಲೂ ಊರುಗಳಿವೆ, ಹೊಲಗಳಿವೆ, ಗುಡ್ಡದ ಬುಡದಲ್ಲಿ ಕುರಿ ಮೇಯಿಸಿಕೊಂಡು ಬದುಕುವವರಿದ್ದಾರೆ, ಅವರ ಹಿಂದೆ ನಾಯಿಗಳಿವೆ. ಕಾಲುದಾರಿಯ ಮೇಲೆ ಬಿದ್ದಿರುವ ಹಿಕ್ಕೆಗಳಲ್ಲಿ ಹೆಚ್ಚಿನವು ಕುರಿ, ಆಡು, ದನ ಮತ್ತು ನಾಯಿಗಳವೇ ಆಗಿರುತ್ತವೆ. ಅವನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿಯುವುದರ ಬಗ್ಗೆ ಮಾತ್ರ ಕಾಡುಪ್ರಾಣಿಯ ಮಾತನ್ನು ಎತ್ತಬಹುದು.

ಇದನ್ನು ನಾನು ಕಲಿತದ್ದು ಒಬ್ಬ ಕುರಿಗಾರರಿಂದ. ಬಹಳ ವರ್ಷಗಳ ಹಿಂದೆ, ಶಿರಹಟ್ಟಿ ಕಡೆಯ ಗುಡ್ಡದ ಸೆರಗಿನಲ್ಲಿ ದಪ್ಪನೆಯ, ಉಣ್ಣೆ ತುಂಬಿದ ಹಿಕ್ಕೆಯೊಂದನ್ನು ಕಂಡು, ಅಳೆದು, ತೋಳದ್ದೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅಲ್ಲಿಯೇ ಕುರಿ ಬಿಟ್ಟುಕೊಂಡು ನಿಂತಿದ್ದ ಹಿರಿಯರು ಬಂದು, ಕೈಯಲ್ಲಿದ್ದ ಕೋಲಿನ ತುದಿಯಿಂದ ಅದನ್ನು ನಿಧಾನವಾಗಿ ಎರಡು ಹೋಳು ಮಾಡಿದರು. ಉಣ್ಣೆಯ ಎಳೆಗಳ ನಡುವೆ ಬಿಳಿಯ ಕಾಳಿನ ತುಣುಕುಗಳು ಹಾಗೆಯೇ ಉಳಿದಿದ್ದವು. "ಇದು ತ್ವಾಳದ್ದಲ್ರಿ ಸರ, ನಮ್ಮ ನಾಯೀದು. ಮೊನ್ನಿ ಸತ್ತ ಮರಿ ತಿಂದೈತಿ, ಮ್ಯಾಲ ಜ್ವಾಳದ ನುಚ್ಚು ಹಾಕಿದ್ನಿ. ನೋಡ್ರಿ, ನುಚ್ಚು ಹಂಗ ಐತಿ" ಎಂದರು. ಹೊರಗಿನ ಆಕಾರ, ದಪ್ಪ, ಉಣ್ಣೆ ಎಲ್ಲವೂ ತೋಳದ ಕಡೆಗೇ ಬೆರಳು ಮಾಡುತ್ತಿದ್ದವು. ಒಳಗಿನ ನಾಲ್ಕು ಜೋಳದ ತುಣುಕುಗಳು ಅದನ್ನು ನಾಯಿಯದೆಂದು ಹೇಳಿದವು. ಅಂದಿನಿಂದ ಹೊರಗಿನ ರೂಪ ನೋಡಿ ಹೆಸರು ಹೇಳುವುದನ್ನು ನಿಲ್ಲಿಸಿದ್ದೇನೆ.

ಈಗ ನಿಮ್ಮ ಬೆಳ್ಳಗಿನ ಉಂಡೆಗಳಿಗೆ ಬರೋಣ. ಕತ್ತೆಕಿರುಬ ಸತ್ತ ಪ್ರಾಣಿಗಳನ್ನು ತಿನ್ನುವಾಗ ಮಾಂಸದಷ್ಟೇ ಎಲುಬನ್ನೂ ತಿನ್ನುತ್ತದೆ. ದನದ ತೊಡೆಯ ಎಲುಬನ್ನು ಒಡೆಯಬಲ್ಲ ದವಡೆಯೂ ಅದನ್ನು ಕರಗಿಸಬಲ್ಲ ಜಠರವೂ ಅದಕ್ಕಿವೆ. ಹೀಗೆ ತಿಂದ ಎಲುಬಿನ ಸುಣ್ಣದ ಅಂಶ ಹಿಕ್ಕೆಯಲ್ಲಿ ಹೊರಬರುತ್ತದೆ. ಹಸಿಯಾಗಿದ್ದಾಗ ಹಸಿರು ಮಿಶ್ರಿತ ಕಂದು ಅಥವಾ ಬೂದು ಬಣ್ಣದಲ್ಲಿರುವ ಹಿಕ್ಕೆ ಒಣಗಿದಂತೆ ಬೆಳ್ಳಗಾಗಿ, ಸೀಮೆಸುಣ್ಣದಂತೆ ಆಗುತ್ತದೆ. ಆಕಾರವೂ ವಿಶಿಷ್ಟವಾಗಿರುತ್ತದೆ: ಉದ್ದನೆಯ ಹಗ್ಗದಂತಿರದೆ ಗುಂಡು ಗುಂಡಾದ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಅಥವಾ ಬಿಡಿಬಿಡಿಯಾಗಿ ಬಿದ್ದಿರುತ್ತವೆ, ಕೆಲವದರ ಒಂದು ಬದಿಯಲ್ಲಿ ಮಣಿಯ ಮೇಲೆ ಮಣಿ ಕೂತಂತೆ ಕುಳಿ ಇರುತ್ತದೆ. ನಿಮ್ಮ ಚಿತ್ರದ ಎಡಮೂಲೆಯ ಉಂಡೆಯಲ್ಲಿ ಆ ಕುಳಿ ಸ್ಪಷ್ಟವಾಗಿ ಕಾಣುತ್ತದೆ.

ಬಿಳಿ ಬಣ್ಣವೊಂದೇ ಇದ್ದಿದ್ದರೆ ನಾನು ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ. ಚಿರತೆಯ ಹಿಕ್ಕೆಯೂ ಬಿಸಿಲಿಗೆ ಹಲವು ದಿನ ಬಿದ್ದರೆ ಬೆಳ್ಳಗಾಗುತ್ತದೆ. ಊರ ಹೊರಗೆ ಕೋಳಿ ಅಂಗಡಿಯ ಕಸ ತಿಂದ ನಾಯಿಯದೂ ಬೆಳ್ಳಗಾಗುತ್ತದೆ. ನನಗೆ ಭರವಸೆ ಕೊಟ್ಟದ್ದು ನೀವು ಅಷ್ಟಾಗಿ ಗಮನಿಸದ ಎರಡು ಸಂಗತಿಗಳು. ಒಂದೇ ಜಾಗದಲ್ಲಿ ಹತ್ತು ಹನ್ನೆರಡು ಉಂಡೆಗಳಿವೆ, ಅವುಗಳಲ್ಲಿ ಕೆಲವು ಪೂರ್ತಿ ಬಿಳಿ, ಎರಡು ಬೂದು, ಒಂದು ಇನ್ನೂ ಹಸಿರುಗಪ್ಪು. ಅಂದರೆ ಅವು ಬೇರೆ ಬೇರೆ ದಿನಗಳಲ್ಲಿ ಬಿದ್ದವು. ಕತ್ತೆಕಿರುಬಗಳು ತಮ್ಮ ಓಡಾಟದ ದಾರಿಯಲ್ಲಿ ಗೊತ್ತಾದ ಜಾಗಗಳಿಗೆ ಮತ್ತೆ ಮತ್ತೆ ಬಂದು ಮಲ ವಿಸರ್ಜಿಸುತ್ತವೆ, ಆ ಜಾಗಗಳು ಅವಕ್ಕೆ ಗಡಿಯ ಗುರುತುಗಳಂತೆ. ಎರಡನೆಯದು, ಬಂಡೆಯ ಪಕ್ಕದ ಹುಲ್ಲು. ಕಿರುಬವು ಬಾಲದ ಬುಡದಲ್ಲಿರುವ ಗ್ರಂಥಿಯ ಸ್ರಾವವನ್ನು ಹುಲ್ಲಿನ ಕಡ್ಡಿಗೆ ಒರೆಸಿ ಹೋಗುತ್ತದೆ. ಅದು ಒಣಗಿದ ಅಂಟಿನಂತೆ ಹಳದಿಬಿಳಿಯಾಗಿ ಕಡ್ಡಿಗೆ ಹತ್ತಿಕೊಂಡಿರುತ್ತದೆ. ನಿಮ್ಮ ಚಿತ್ರದಲ್ಲಿ ಅಂಥ ಒಂದು ಕಡ್ಡಿ ಇದೆಯೆಂದು ನನಗೆ ಕಾಣುತ್ತದೆ, ಆದರೆ ಅದು ಗಮನ ಕೇಂದ್ರದಿಂದ ಹೊರಗಿರುವುದರಿಂದ ಮತ್ತೊಮ್ಮೆ ಹೋದಾಗ ಹತ್ತಿರದಿಂದ ನೋಡಿ ಹೇಳಿ. ಸುಣ್ಣದ ಕಲ್ಲೇ ಇರಬಹುದೆಂಬ ಸಂಶಯ ಯಾರಿಗಾದರೂ ಬಂದರೆ ನೀವೇ ಧೂಳೇಳದಂತೆ ಕೋಲಿನಿಂದ ಮೆಲ್ಲಗೆ ಒತ್ತಿ ನೋಡಬಹುದು: ಕಲ್ಲು ಜಾರುತ್ತದೆ, ಒಣಗಿದ ಹಿಕ್ಕೆ ಮುರಿದು ಒಳಗಿನಿಂದ ಎಲುಬಿನ ಚೂರು, ಒಂದೆರಡು ಕೂದಲು ಹೊರಬೀಳುತ್ತವೆ.

ದಾರಿಯ ನಡುವಿನ ಹಿಕ್ಕೆಯ ವಿಷಯ ಇಷ್ಟು ಸುಲಭವಲ್ಲ. ಬೆಕ್ಕಿನ ಜಾತಿಯ ಪ್ರಾಣಿಗಳು ಮಾಂಸವನ್ನೇ ಅವಲಂಬಿಸಿ ಬದುಕುವುದರಿಂದ ಅವುಗಳ ಹಿಕ್ಕೆಯಲ್ಲಿ ಬೇಟೆಯ ಕೂದಲು ಒತ್ತಾಗಿ ತುಂಬಿರುತ್ತದೆ, ಮಧ್ಯೆ ಮಧ್ಯೆ ಚಿವುಟಿದಂತೆ ಗೆಣ್ಣುಗಳಿರುತ್ತವೆ, ಒಂದು ತುದಿ ಕೂದಲು ಹೊಸೆದಂತೆ ಚೂಪಾಗಿ ಮುಗಿಯುತ್ತದೆ. ಚಿರತೆಯ ಹಿಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ಸೆಂಟಿಮೀಟರ್ ದಪ್ಪವಿರುತ್ತದೆ. ಆದರೆ ತೋಳದ್ದೂ ದೊಡ್ಡ ನಾಯಿಯದೂ ಇದೇ ಅಳತೆಗೆ ಬರುತ್ತವೆ. ದಪ್ಪವನ್ನು ಅಳೆದು ಚಿರತೆ ಎನ್ನುವವರು ಈ ಮಾತನ್ನು ಮರೆಯುತ್ತಾರೆ. ಸಣ್ಣ ಅಳತೆಯಿಂದ ಉಪಯೋಗವಿದೆ: ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದೊಡ್ಡ ಚಿರತೆಯನ್ನು ಕೈಬಿಟ್ಟು ಕಾಡುಬೆಕ್ಕು, ಪುನುಗು, ನರಿಗಳ ಕಡೆ ನೋಡಬೇಕು. ದೊಡ್ಡ ಅಳತೆ ಮಾತ್ರ ಯಾರ ಹೆಸರನ್ನೂ ಖಚಿತವಾಗಿ ಹೇಳುವುದಿಲ್ಲ.

ಇಂಥಲ್ಲಿ ನನಗೆ ಹಿಕ್ಕೆಗಿಂತ ಅದರ ಪಕ್ಕದ ಕೆರೆತ ಹೆಚ್ಚು ಹೇಳುತ್ತದೆ. ಚಿರತೆ ತನ್ನ ಇರವನ್ನು ತಿಳಿಸಲು ಹಿಂಗಾಲುಗಳಿಂದ ನೆಲವನ್ನು ಹಿಂದಕ್ಕೆ ಕೆರೆಯುತ್ತದೆ. ಆಗ ಪಕ್ಕಪಕ್ಕದಲ್ಲಿ ಎರಡು ಸಮಾನಾಂತರ ಗೀರುಗುಳಿಗಳು ಬಿದ್ದು, ಅವುಗಳ ತುದಿಯಲ್ಲಿ ಮಣ್ಣು ಮತ್ತು ಕಸ ಸಣ್ಣ ದಿಬ್ಬವಾಗಿ ಕೂಡಿರುತ್ತದೆ. ಎಷ್ಟೋ ಸಲ ಮೂತ್ರವೋ ಹಿಕ್ಕೆಯೋ ಆ ದಿಬ್ಬದ ಮೇಲೆ ಅಥವಾ ಅದರ ಬದಿಯಲ್ಲಿಯೇ ಇರುತ್ತದೆ. ನಾಯಿಯೂ ಕೆರೆಯುತ್ತದೆ, ನಿಮ್ಮ ಅಂಗಳದಲ್ಲಿ ನೀವೇ ನೋಡಿರುತ್ತೀರಿ. ಆದರೆ ನಾಯಿ ನಾಲ್ಕೂ ಕಾಲಿನಿಂದ ರಭಸವಾಗಿ ಮಣ್ಣು ಚಿಮ್ಮುತ್ತದೆ, ಗೀರುಗಳು ಅಡ್ಡಾದಿಡ್ಡಿಯಾಗಿ ಹರಡುತ್ತವೆ, ಉಗುರಿನ ಗೆರೆಗಳು ಎದ್ದು ಕಾಣುತ್ತವೆ, ಮಣ್ಣು ದಿಬ್ಬವಾಗದೆ ಚೆಲ್ಲಾಪಿಲ್ಲಿಯಾಗುತ್ತದೆ. ನಿಮ್ಮ ಚಿತ್ರದಲ್ಲಿ ಜೋಡಿಗೀರು ಇರುವಂತೆ ಕಾಣುತ್ತದೆ, ತುದಿಯಲ್ಲಿ ಒಣ ಎಲೆಗಳು ಗುಡ್ಡೆಯಾಗಿವೆ. ಚಿರತೆಯ ಕಡೆ ನಾನು ವಾಲಿದ್ದು ಇದರಿಂದಲೇ. ನೀವು ಮೇಲಿನಿಂದ ನೇರವಾಗಿ ತೆಗೆದ ಒಂದೇ ಚಿತ್ರವಿದೆ, ಅಳತೆಗೆ ಪಕ್ಕದಲ್ಲಿ ಏನನ್ನೂ ಇಟ್ಟಿಲ್ಲ, ಹತ್ತಿರ ಹೆಜ್ಜೆಗುರುತು ಇತ್ತೇ ಎಂದು ಬರೆದಿಲ್ಲ. ಮಸಾರಿ ಮಣ್ಣಿನ ದಾರಿಯಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತದೆ: ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುವುದರಿಂದ ಅದರ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ, ನಾಯಿ, ತೋಳ ಮತ್ತು ಕಿರುಬಗಳ ಹೆಜ್ಜೆಯಲ್ಲಿ ಇರುತ್ತದೆ. ಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿರುತ್ತದೆ.

ತೋಳದ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಬೇಕು. ನಾಯಿ ಮತ್ತು ತೋಳ ಹತ್ತಿರದ ಸಂಬಂಧಿಗಳು, ಇಬ್ಬರೂ ಕುರಿ ತಿನ್ನುತ್ತಾರೆ, ಇಬ್ಬರೂ ದಾರಿಗಳು ಕೂಡುವ ಕಡೆ, ಎತ್ತರದ ಕಲ್ಲು ಅಥವಾ ಹುಲ್ಲಿನ ಬುಡದ ಮೇಲೆ ಹಿಕ್ಕೆ ಹಾಕುತ್ತಾರೆ. ಕಾಳು, ನುಚ್ಚು, ರೊಟ್ಟಿಯ ತುಣುಕು, ಪ್ಲಾಸ್ಟಿಕ್ ಇವುಗಳಲ್ಲಿ ಒಂದು ಸಿಕ್ಕರೂ ನಾಯಿಯ ಕಡೆ ತಕ್ಕಡಿ ಬಾಗುತ್ತದೆ. ಏನೂ ಸಿಗದೆ ಬರೀ ಕೂದಲು, ಗೊರಸಿನ ಚೂರು, ಎಲುಬು ಸಿಕ್ಕರೆ ತೋಳ ಆಗಿರಬಹುದು ಎಂದಷ್ಟೇ ಹೇಳಬಹುದು. ಕುರಿಹಟ್ಟಿಯ ಹತ್ತಿರವಂತೂ ಬರಿಗಣ್ಣಿನಿಂದ ಇವೆರಡನ್ನು ಬೇರೆ ಮಾಡುವುದು ಆಗದ ಕೆಲಸ.

ನರಿಯದು ಈ ತಿಂಗಳುಗಳಲ್ಲಿ ಎಲ್ಲಕ್ಕಿಂತ ಸುಲಭ, ಮಕ್ಕಳಿಗೆ ಮೊದಲು ತೋರಿಸಬೇಕಾದದ್ದೂ ಅದೇ. ಬಾರಿಹಣ್ಣು (ಬೋರೆಹಣ್ಣು) ಮಾಗುವ ಕಾಲದಲ್ಲಿ ನರಿ ಗಿಡದ ಕೆಳಗೆ ಬಿದ್ದ ಹಣ್ಣನ್ನು ಹೊಟ್ಟೆತುಂಬ ತಿನ್ನುತ್ತದೆ. ಬೀಜ ಕರಗುವುದಿಲ್ಲ. ಬೆರಳಿನ ದಪ್ಪದ ಹಿಕ್ಕೆಯೊಳಗೆ ಏಳೆಂಟು ಬಾರಿಬೀಜಗಳು ಮಣಿ ಪೋಣಿಸಿದಂತೆ ಕೂತಿರುತ್ತವೆ, ನಡುವೆ ಇಲಿಯ ಕೂದಲು, ಜೀರುಂಡೆಯ ಹೊಳೆಯುವ ರೆಕ್ಕೆಕವಚ. ನರಿಗಿಂತ ಮೈಯಲ್ಲಿ ಚಿಕ್ಕದಾದ ಬಯಲುನರಿಯದು ಇನ್ನೂ ತೆಳ್ಳಗೆ, ಅದರಲ್ಲಿ ಹುಳುಗಳ ಪಾಲು ಹೆಚ್ಚು, ಮತ್ತು ಅದು ಗುಡ್ಡದ ದಟ್ಟ ಕುರುಚಲಿಗಿಂತ ಬಯಲಿನಲ್ಲಿ, ಎರೆಹೊಲದ ಬದುವಿನಲ್ಲಿ ಸಿಗುವುದು ಹೆಚ್ಚು. ಪುನುಗುಬೆಕ್ಕೂ ಹಣ್ಣುಬಾಕವೇ, ಆದರೆ ಅದರ ಬೀಜತುಂಬಿದ ಹಿಕ್ಕೆ ಬಂಡೆಯ ನೆತ್ತಿಯ ಮೇಲೋ ಬಿದ್ದ ಮರದ ಬೊಡ್ಡೆಯ ಮೇಲೋ ಇರುತ್ತದೆ, ಅದರಲ್ಲಿ ಕೂದಲು ಕಡಿಮೆ. ಹೀಗೆ ಒಂದು ಗಿಡದ ಹಣ್ಣು ಯಾವ ಪ್ರಾಣಿಯ ಹೊಟ್ಟೆ ಸೇರಿ ಎಷ್ಟು ದೂರದಲ್ಲಿ ಬೀಜವಾಗಿ ಬಿದ್ದಿದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಿದರೆ, ಬೀಜಪ್ರಸಾರದ ಪಾಠವನ್ನು ಮತ್ತೆ ಓದಿಸಬೇಕಾಗುವುದಿಲ್ಲ.

ಮೂರನೆಯ ಚಿತ್ರದ ಕಪ್ಪು ಗುಂಡುಗಳು. ಇವನ್ನು ಚಿಗರಿಯದೆಂದವರ ಮೇಲೆ ತಪ್ಪು ಹೊರಿಸಲಾರೆ, ಏಕೆಂದರೆ ಆಕಾರದಲ್ಲಿ ಅಂಥ ಭೇದವಿಲ್ಲ. ಕಡಲೆಕಾಳನ್ನು ಕೈಯಲ್ಲಿ ಹಿಡಿದು ನೋಡಿ: ಒಂದು ಕಡೆ ಚಿಕ್ಕ ಕೊಕ್ಕಿನಂತೆ ಚೂಪು, ಇನ್ನೊಂದು ಕಡೆ ಗುಂಡು. ಚಿಗರಿಯ ಹಿಕ್ಕೆ ಹೆಚ್ಚುಕಡಿಮೆ ಹಾಗೆಯೇ, ಗುಂಡು ಬದಿಯಲ್ಲಿ ಸಣ್ಣ ಕುಳಿ ಇರುತ್ತದೆ. ಆಡು, ಕುರಿಗಳದೂ ಹಾಗೆಯೇ ಇರುತ್ತದೆ. ಹಾಗಾಗಿ ಇಲ್ಲಿ ನೋಡಬೇಕಾದುದು ರಾಶಿ ಬಿದ್ದಿರುವ ರೀತಿ ಮತ್ತು ಅದರ ಸುತ್ತಲಿನ ನೆಲ. ಗಂಡು ಚಿಗರಿ ತನ್ನ ಗಡಿಯೊಳಗೆ ಬಯಲಾದ ಜಾಗವೊಂದನ್ನು ಹಿಡಿದು ಅಲ್ಲಿಯೇ ದಿನವೂ ಹಾಕುತ್ತದೆ; ಹಳೆಯದರ ಮೇಲೆ ಹೊಸದು ಬಿದ್ದು ಚಾಪೆಯಂತೆ ಹರಡಿದ ರಾಶಿಯಾಗುತ್ತದೆ, ಸುತ್ತಲಿನ ನೋಟ ಅದಕ್ಕೆ ತೆರೆದಿರಬೇಕು. ರಾಣೆಬೆನ್ನೂರಿನ ಕೃಷ್ಣಮೃಗಧಾಮಕ್ಕೆ ಮಕ್ಕಳನ್ನು ಒಮ್ಮೆ ಕರೆದೊಯ್ದರೆ ಇಂಥ ರಾಶಿಗಳನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬಹುದು. ನಿಮ್ಮ ರಾಶಿ ನೆರಳಿನಲ್ಲಿದೆ, ಎಲ್ಲ ಹಿಕ್ಕೆಗಳೂ ಒಂದೇ ವಯಸ್ಸಿನವು, ಅರ್ಧದಷ್ಟು ತುಳಿದು ಚಪ್ಪಟೆಯಾಗಿವೆ, ಮತ್ತು ಚಿತ್ರದ ಮೇಲಂಚಿನ ಜಾಲಿಮುಳ್ಳಿಗೆ ಬಿಳಿಯ ಉಣ್ಣೆ ಸಿಕ್ಕಿಕೊಂಡಿದೆ. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ನೆರಳಿಗೆ ನಿಂತ ಜಾಗ ಅದು.

ಆದರೆ ಒಂದು ಮಾತು. ಇಂಥ ಕುರುಚಲು ಗುಡ್ಡಗಳಲ್ಲಿ ಇರಬಹುದಾದ ಕೊಂಡುಕುರಿಯೂ (ಇದು ಕುರಿಯಲ್ಲ, ನಾಲ್ಕು ಕೊಂಬಿನ ಹುಲ್ಲೆ) ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಪ್ರಾಣಿ, ಮತ್ತು ಅದು ಪೊದೆಯ ಮರೆಯನ್ನು ಬಿಟ್ಟು ಬಯಲಿಗೆ ಬರುವುದು ಕಡಿಮೆ. ಕುರಿ ಹೋಗದ ಕಡಿದಾದ ಕೊರಕಲಿನಲ್ಲಿ, ಉಣ್ಣೆಯಿಲ್ಲದ, ತುಳಿತವಿಲ್ಲದ, ಹಳೆಯದೂ ಹೊಸದೂ ಬೆರೆತ ರಾಶಿ ಕಂಡರೆ ಅದನ್ನು ಜಾಗದ ಸಮೇತ ಬರೆದಿಟ್ಟುಕೊಳ್ಳಿ. ಅದು ಬೆಲೆಯುಳ್ಳ ಮಾಹಿತಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊಲದ್ದು ಒತ್ತಿದ ಗುಳಿಗೆಯಂತೆ ಚಪ್ಪಟೆ ಗುಂಡು, ಒಣ ಹುಲ್ಲಿನ ಪುಡಿ ಮಾತ್ರ ಒಳಗೆ, ತಿಳಿಬಣ್ಣ. ಮುಳ್ಳುಹಂದಿಯದು ಉದ್ದುದ್ದ ಕಾಳುಗಳಂತೆ, ನಾರಿನ ಎಳೆಯಿಂದ ಒಂದಕ್ಕೊಂದು ಜೋತುಬಿದ್ದಿರುವುದುಂಟು. ಕಾಡುಹಂದಿಯದು ಗಂಟುಗಂಟಾದ ಮುದ್ದೆ, ಗೋವಿನಜೋಳದ ಸಿಪ್ಪೆ, ಶೇಂಗಾದ ಸಿಪ್ಪೆ ಕಣ್ಣಿಗೆ ಕಾಣುತ್ತದೆ, ಹೊಲದ ಹಾನಿಯ ಪಕ್ಕದಲ್ಲಿಯೇ ಇರುತ್ತದೆ. ನವಿಲಿನದರಲ್ಲಿ ಬಿಳಿಯ ಟೊಪ್ಪಿಗೆ ಇರುತ್ತದೆ. ಹಕ್ಕಿಗಳು ಮೂತ್ರದ ಕಲ್ಮಶವನ್ನು ಬಿಳಿ ಗಟ್ಟಿಯಾಗಿ ಮಲದೊಂದಿಗೇ ಹೊರಹಾಕುವುದು ಅದಕ್ಕೆ ಕಾರಣ. ಉಡದ ಹಿಕ್ಕೆಯ ತುದಿಯಲ್ಲೂ ಇಂಥ ಬಿಳಿ ತುಂಡು ಇರುತ್ತದೆ, ಕೆಲವರು ಅದನ್ನು ಕಿರುಬದ್ದೆಂದು ತಪ್ಪು ತಿಳಿಯುವುದನ್ನು ಕಂಡಿದ್ದೇನೆ.

ಗೂಬೆಯ ಉಂಡೆಯನ್ನು ಮಾತ್ರ ಬೇಗ ದಾಟಲಾರೆ. ಬಂಡೆಯ ಸಂದಿನ ಕೆಳಗೆ, ಹಳೆಯ ಗುಡಿಯ ತೊಲೆಯ ಕೆಳಗೆ, ಪಾಳುಬಿದ್ದ ವಾಡೆಯ ಮೂಲೆಯಲ್ಲಿ ಬೂದುಬಣ್ಣದ, ಉಣ್ಣೆಯ ಗುಬ್ಬಟೆಯಂತಿರುವ ಉಂಡೆಗಳು ಸಿಗುತ್ತವೆ. ಇವು ಹಿಕ್ಕೆಯೇ ಅಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮತ್ತು ಎಲುಬುಗಳನ್ನು ಉಂಡೆಕಟ್ಟಿ ಬಾಯಿಯಿಂದ ಹೊರಹಾಕುತ್ತದೆ. ಕೂದಲಿನ ಹೊದಿಕೆಯೊಳಗೆ ಇಲಿಯ ತಲೆಬುರುಡೆ ಮುಕ್ಕಾಗದೆ ಇರುತ್ತದೆ, ಹಳದಿ ಬಣ್ಣದ ಬಾಚಿಹಲ್ಲುಗಳ ಸಮೇತ. ಊರಿನ ಹಳೆಯ ಕಟ್ಟಡದಲ್ಲಿ ಸಿಕ್ಕ ಉಂಡೆಯನ್ನು ಕೈಗವಸು ಹಾಕಿಕೊಂಡು ತಂದು, ಬಿಸಿನೀರಿನಲ್ಲಿ ನೆನೆಸಿ, ಚಿಮಟಿಗೆಯಿಂದ ಬಿಡಿಸಿದರೆ ಆ ಒಂದು ಉಂಡೆಯಲ್ಲಿ ಗೂಬೆ ತಿಂದ ಎಷ್ಟು ಇಲಿಗಳಿವೆ ಎಂಬುದಕ್ಕೆ ಮಕ್ಕಳು ತಲೆಬುರುಡೆ ಎಣಿಸಿ ಉತ್ತರ ಹೇಳಬಲ್ಲರು. ನಿಮ್ಮ ಪ್ರಯೋಗಾಲಯದಲ್ಲಿ ಮಾಡಬಹುದಾದ ಪಾಠ ಇದು.

ಹಿಕ್ಕೆ ಎಷ್ಟು ಹಳೆಯದು ಎಂಬುದು ನಿಮ್ಮಂತೆ ದಾರಿ ನೋಡಲು ಹೋದವರಿಗೆ ಹೆಸರಿಗಿಂತಲೂ ಮುಖ್ಯ. ಮೇಲ್ಮೈಯ ಲೋಳೆಯ ಹೊಳಪು ಮತ್ತು ನೊಣ ಇದ್ದರೆ ಕೆಲವು ಗಂಟೆಗಳದ್ದು. ಆದರೆ ಋತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಿನ ಎಣಿಸಬಾರದು. ಮಳೆಗಾಲದಲ್ಲಿ ಸಗಣಿಹುಳಗಳು ಒಂದೇ ದಿನದಲ್ಲಿ ರಾಶಿಯನ್ನು ಉರುಳಿಸಿ ಹೂತುಬಿಡುತ್ತವೆ, ಉಳಿದದ್ದನ್ನು ಮಳೆ ತೊಳೆಯುತ್ತದೆ; ಹಾಗಾಗಿ ಆಷಾಢದಲ್ಲಿ ಕಂಡ ಹಿಕ್ಕೆ ಬಹುತೇಕ ಹೊಸದೇ. ಈಗಿನ ಒಣಹವೆಯಲ್ಲಿ ಮಾತ್ರ ಕೂದಲು ತುಂಬಿದ ಹಿಕ್ಕೆ ವಾರಗಟ್ಟಲೆ ಉಳಿಯುತ್ತದೆ. ಕೋಲಿನಿಂದ ಮಗುಚಿ ನೋಡಬೇಕು: ಮೇಲ್ಬದಿ ಬೆಳ್ಳಗಾಗಿ ಕೆಳಬದಿ ಇನ್ನೂ ಕಪ್ಪಗಿದ್ದರೆ ಅದು ಕೆಲವು ದಿನಗಳಿಂದ ಅಲ್ಲಿಯೇ ಇದೆ, ಕೆಳಗೆ ಗೆದ್ದಲಿನ ಮಣ್ಣು ಹತ್ತಿದ್ದರೆ ಇನ್ನೂ ಹಳೆಯದು. ನಿಮ್ಮ ಎರಡನೆಯ ಹಿಕ್ಕೆಯ ಬದಿಯಲ್ಲಿ ಸಣ್ಣ ಇರುವೆಗಳ ಸಾಲು ಮತ್ತು ಬಿರುಕು ಕಾಣುತ್ತವೆ, ಹೊಳಪಿಲ್ಲ; ನೀವು ಹೋಗುವ ಮೂರು ನಾಲ್ಕು ದಿನ ಮೊದಲಿನದಿರಬೇಕು.

ಖಚಿತವಾದ ಉತ್ತರ ಬೇಕಾದವರಿಗೆ ಪ್ರಯೋಗಾಲಯದ ದಾರಿಯಿದೆ. ಪ್ರತಿ ಪ್ರಾಣಿಯ ಕೂದಲಿನ ಮೇಲ್ಪದರದ ಹುರುಪೆಗಳ ವಿನ್ಯಾಸ ಮತ್ತು ಒಳತಿರುಳಿನ ರಚನೆ ಬೇರೆ ಬೇರೆಯಾಗಿರುವುದರಿಂದ, ಸೂಕ್ಷ್ಮದರ್ಶಕದ ಕೆಳಗೆ ನೋಡಿ ತಿಂದದ್ದು ಏನೆಂದು ಹೇಳಬಹುದು. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಯಾವ ಬೇಟೆಯನ್ನು ಆರಿಸುತ್ತವೆ ಎಂಬುದರ ಬಗ್ಗೆ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಹಿಕ್ಕೆಯಲ್ಲಿನ ಇಂಥ ಉಳಿಕೆಗಳೇ ದೊಡ್ಡ ಆಧಾರ. ತಿಂದವರು ಯಾರು ಎಂಬುದಕ್ಕೆ ಡಿಎನ್‌ಎ ಪರೀಕ್ಷೆ ಬೇಕು. ಹಿಕ್ಕೆ ಕರುಳಿನಿಂದ ಹೊರಬರುವಾಗ ಅದರ ಹೊರಪದರಕ್ಕೆ ಆ ಪ್ರಾಣಿಯ ಕರುಳಿನ ಜೀವಕೋಶಗಳು ಹತ್ತಿಕೊಂಡಿರುತ್ತವೆ, ಅವುಗಳಿಂದ ಡಿಎನ್‌ಎ ತೆಗೆಯುತ್ತಾರೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಇಂಥ ಕಡೆ ಈ ಕೆಲಸ ನಡೆಯುತ್ತದೆ. ಬಿಸಿಲು ಮತ್ತು ಮಳೆ ಆ ಜೀವಕೋಶಗಳನ್ನು ಬೇಗ ಕೆಡಿಸುವುದರಿಂದ ಹಳೆಯ ಹಿಕ್ಕೆಯಿಂದ ಅಲ್ಲಿಯೂ ಉತ್ತರ ಸಿಗದಿರಬಹುದು.

ಮಕ್ಕಳ ಆರೋಗ್ಯದ ಮಾತನ್ನು ಒತ್ತಿ ಹೇಳುತ್ತೇನೆ. ಯಾವ ಹಿಕ್ಕೆಯನ್ನೂ ಬರಿಗೈಯಲ್ಲಿ ಮುಟ್ಟಬಾರದು, ಮೂಗಿನ ಹತ್ತಿರ ಒಯ್ದು ಮೂಸಬಾರದು, ಒಣಗಿದ್ದನ್ನು ಪುಡಿಮಾಡಿ ಧೂಳು ಎಬ್ಬಿಸಬಾರದು. ನಾಯಿ, ತೋಳ, ನರಿಗಳ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳು ಇರಬಹುದು; ಅದರ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮನುಷ್ಯನ ಹೊಟ್ಟೆ ಸೇರಿದರೆ ವರ್ಷಗಳ ನಂತರ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಸತ್ತ ಕುರಿಯ ಒಳಾಂಗಗಳನ್ನು ತಿನ್ನುವ ನಾಯಿಗೆ ಈ ಹುಳು ಸುಲಭವಾಗಿ ಅಂಟುವುದರಿಂದ, ಚಿರತೆಯದಕ್ಕಿಂತ ಕುರಿನಾಯಿಯ ಹಿಕ್ಕೆಯ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಬುತ್ತಿಯ ಗಂಟು ಬಿಚ್ಚುವ ಮೊದಲು ಪ್ರತಿಯೊಬ್ಬ ಮಗುವೂ ಸಾಬೂನಿನಿಂದ ಕೈ ತೊಳೆದಿದೆಯೇ ಎಂದು ನೀವೇ ನಿಂತು ನೋಡಬೇಕು. ಅದಕ್ಕಾಗಿ ಎರಡು ಕೊಡ ನೀರು ಹೆಚ್ಚಿಗೆ ಒಯ್ಯಿರಿ.

ಹಿಕ್ಕೆಯನ್ನು ಎತ್ತಿಕೊಂಡು ಬರುವುದೂ ಬೇಡ. ವನ್ಯಜೀವಿಧಾಮದೊಳಗೆ ಹೋಗಲು ಇಲಾಖೆಯ ಅನುಮತಿ ಬೇಕು, ಅಲ್ಲಿಂದ ಮಾದರಿ ತರಲು ಪ್ರತ್ಯೇಕ ಅನುಮತಿ ಬೇಕು. ಅದಕ್ಕಿಂತ ಹೆಚ್ಚಾಗಿ, ಅದು ಒಂದು ಪ್ರಾಣಿ ಇನ್ನೊಂದಕ್ಕೆ ಬಿಟ್ಟುಹೋದ ಸುದ್ದಿ. ಕೋಲಿನಿಂದ ಮಗುಚಿದ್ದನ್ನು ಮೊದಲಿದ್ದಂತೆ ಇಟ್ಟುಬನ್ನಿ. ಮಕ್ಕಳ ಪುಸ್ತಕದಲ್ಲಿ ದಿನ, ಜಾಗ, ನೆಲದ ಬಗೆ, ಅಳತೆ, ಒಳಗೆ ಕಂಡದ್ದು ಇವಿಷ್ಟನ್ನೂ ಬರೆಸಿ, ಪ್ರಾಣಿಯ ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನಿಮ್ಮ ಫೋಟೋ ಈಗಾಗಲೇ ಊರಿನ ವಾಟ್ಸಾಪ್ ಗುಂಪಿನಲ್ಲಿ "ಚಿರತೆ ಬಂದಿದೆ" ಎಂಬ ಮಾತಿನೊಂದಿಗೆ ಓಡಾಡುತ್ತಿದೆ ಎಂದು ಬರೆದಿದ್ದೀರಿ. ಕಿರುಬದ ಹಿಕ್ಕೆ ಚಿರತೆಯದೆಂದು ಹೆಸರಾದರೆ ಜನ ಗಾಬರಿಯಾಗುತ್ತಾರೆ, ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವವರು ನಿದ್ದೆಗೆಡುತ್ತಾರೆ, ಯಾರೋ ಉರುಲು ಹಾಕುತ್ತಾರೆ. ಆ ಉರುಲಿಗೆ ಬೀಳುವುದು ಸತ್ತ ದನವನ್ನು ತಿಂದು ಊರಿನ ಸುತ್ತಲನ್ನು ಸ್ವಚ್ಛವಾಗಿಡುವ ಆ ಕಿರುಬ. ದಯವಿಟ್ಟು ಇಂದೇ ಆ ಗುಂಪಿನಲ್ಲಿ, ಬಿಳಿಯ ಉಂಡೆಗಳು ಕಿರುಬದವು, ಅದು ಮನುಷ್ಯರಿಂದ ದೂರವಿರುವ ಪ್ರಾಣಿ ಎಂದು ತಿಳಿಸಿ, ಜಾಗದ ಹೆಸರನ್ನು ಮಾತ್ರ ಬರೆಯಬೇಡಿ. ಜಾಗವನ್ನು ವಲಯ ಅರಣ್ಯ ಕಚೇರಿಗೆ ನೀವೇ ಹೋಗಿ ಹೇಳಿ. ಎರಡನೆಯ ಹಿಕ್ಕೆಯ ದಾರಿಯನ್ನು ಮಕ್ಕಳ ನಡಿಗೆಯಿಂದ ಬಿಟ್ಟುಬಿಡಿ; ಚಿರತೆಯದಾಗಿರದಿದ್ದರೂ ಅಷ್ಟು ಎಚ್ಚರ ಹೆಚ್ಚಾಗುವುದಿಲ್ಲ. ಬಂಡೆಗಳ ಸಂದು, ಗವಿಗಳ ಹತ್ತಿರವೂ ಮಕ್ಕಳನ್ನು ಬಿಡಬೇಡಿ, ಬೆಳಗಿನ ಬಿಸಿಲು ಏರಿದ ಮೇಲೆ ಹೊರಟು ಸಂಜೆಗೆ ಬಹಳ ಮೊದಲೇ ಇಳಿದುಬನ್ನಿ.

ನೀವು ವಾಚರ್ ಜೊತೆ ಮತ್ತೊಮ್ಮೆ ಹೋಗುವುದಾದರೆ ಎರಡನೆಯ ಜಾಗದ ನಾಲ್ಕು ಚಿತ್ರಗಳನ್ನು ತೆಗೆದು ಕಳಿಸಿ: ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ ಒಂದು, ನೆಲಮಟ್ಟದಿಂದ ಬದಿಗೆ ಒಂದು, ಕೆರೆತದ ಗುರುತಿನದೇ ಒಂದು, ಹತ್ತು ಹೆಜ್ಜೆ ಹಿಂದೆ ನಿಂತು ದಾರಿಯ ಸಮೇತ ಒಂದು. ಅಳತೆಪಟ್ಟಿ ಸಿಗದಿದ್ದರೆ ಹತ್ತು ರೂಪಾಯಿಯ ನಾಣ್ಯ ಸಾಕು, ಅದರ ಅಡ್ಡಗಲ 27 ಮಿಲಿಮೀಟರ್. ಹಿಂದಿನ ಹಿಕ್ಕೆ ಅಲ್ಲಿ ಉಳಿದಿರದಿದ್ದರೂ ಕೆರೆತದ ಜೋಡಿಗೀರು ಇನ್ನೂ ಉಳಿದಿರಬಹುದು, ಆ ಒಂದು ಚಿತ್ರ ಸ್ಪಷ್ಟವಾಗಿ ಬಂದರೂ ನಾನು ಈಗಿನದಕ್ಕಿಂತ ಗಟ್ಟಿಯಾದ ಉತ್ತರ ಕೊಡಬಲ್ಲೆ.